ಮನೆ ಕ್ಯಾಮೆರಾ, ಡಿವಿಆರ್ ಮತ್ತು ಪೋರ್ಟ್ ಫಾರ್ವರ್ಡಿಂಗ್: ನನ್ನ ಟಿಪ್ಪಣಿ

ಪಾಸ್‌ವರ್ಡ್ ವಿಷಯ ಮೊದಲು ಮುಗಿಸೋಣ. ಕಂಪನಿ ಕೊಟ್ಟದ್ದಿರಲಿ, ಕ್ಯಾಮೆರಾ ಹಾಕಿದವರು ಇಟ್ಟು ಹೋದದ್ದಿರಲಿ, ಇವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಡೀಫಾಲ್ಟ್ ಪಾಸ್‌ವರ್ಡ್‌ಗಳ ಸಣ್ಣ ಪಟ್ಟಿ ಹಿಡಿದೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ದೃಶ್ಯಗಳನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆ), ರೌಟರ್‌ಗಳನ್ನು ವಶಕ್ಕೆ ತಗೊಂಡಿತ್ತು.

ಈಗ ನನ್ನ ತಲೆ ತಿಂದ ಭಾಗ. ಹೊರಗಿನಿಂದ ತಾನಾಗಿ ಬರುವುದನ್ನು ರೌಟರ್ ಒಳಗೆ ಬಿಡುವುದಿಲ್ಲ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಮಾತ್ರ ಬಿಡುತ್ತದೆ. ಹಾಗಿದ್ದರೆ ಹುಬ್ಬಳ್ಳಿಯಲ್ಲಿ ಕೂತವರಿಗೆ ಮೈಸೂರಿನ ಮನೆ ಬಾಗಿಲು ಮೊಬೈಲ್‌ನಲ್ಲಿ ಕಾಣೋದು ಹೇಗೆ?

ಒಂದು ದಾರಿ ಪೋರ್ಟ್ ಫಾರ್ವರ್ಡಿಂಗ್. ಪೋರ್ಟ್ ಅಂದರೆ ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ. ‘554ನೇ ಪೋರ್ಟ್‌ಗೆ ಬಂದದ್ದನ್ನೆಲ್ಲ 192.168.1.64ಕ್ಕೆ (ಮನೆಯೊಳಗೆ ಕ್ಯಾಮೆರಾದ ವಿಳಾಸ) ಕಳಿಸು’ ಅಂತ ರೌಟರ್‌ಗೆ ಹೇಳಿಡುವುದು. ಆ ‘ಎಲ್ಲ’ವನ್ನು ಇನ್ನೊಮ್ಮೆ ಓದಿ. ನಿಮ್ಮ ಫೋನ್ ಯಾವುದು, ಅಪರಿಚಿತರ ಕಂಪ್ಯೂಟರ್ ಯಾವುದು ಅಂತ ರೌಟರ್ ನೋಡುವುದಿಲ್ಲ. ಬಾಗಿಲು ನಿಮಗೆ ತೆರೆದರೆ ಇಡೀ ಜಗತ್ತಿಗೂ ತೆರೆದ ಹಾಗೆ. ಹೀಗೆ ತೆರೆದಿರುವ ಪೋರ್ಟ್‌ಗಳನ್ನು ಶೋಡಾನ್ ಎಂಬ ಸರ್ಚ್ ಎಂಜಿನ್ ಹುಡುಕಿ ಪಟ್ಟಿ ಮಾಡುತ್ತಲೇ ಇರುತ್ತದೆ. ‘ಪಾಸ್‌ವರ್ಡ್ ಇದೆಯಲ್ವಾ?’ ಅನ್ನಬಹುದು. 2021ರಲ್ಲಿ ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ ಸಿಕ್ಕ ಒಂದು ದೋಷದಲ್ಲಿ ಒಳಹೊಕ್ಕಲು ಲಾಗಿನ್ನೇ ಬೇಕಿರಲಿಲ್ಲ.

‘ನಾನು ಯಾವ ಪೋರ್ಟೂ ತೆರೆದಿಲ್ಲ’ ಅಂದರೂ ಸಾಲದು. ಯುಪಿಎನ್‌ಪಿ (ಉಪಕರಣಗಳು ತಾವೇ ಪೋರ್ಟ್ ತೆರೆಸಿಕೊಳ್ಳಲು ಬಿಡುವ ಸೆಟ್ಟಿಂಗ್) ಆನ್ ಇದ್ದರೆ ಡಿವಿಆರೇ ರೌಟರ್‌ಗೆ ಕೇಳಿ ಪೋರ್ಟ್ ತೆರೆಸಿಕೊಳ್ಳುತ್ತದೆ. ನಿಮ್ಮನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ರೌಟರ್, ಡಿವಿಆರ್ ಎರಡರಲ್ಲೂ ಅದನ್ನು ಆಫ್ ಮಾಡಿ. ಆಮೇಲೆ ರೌಟರ್‌ನ ಪೋರ್ಟ್ ಪಟ್ಟಿ ಖಾಲಿ ಇದೆಯಾ ನೋಡಿ.

ಇನ್ನೊಂದು ದಾರಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಪಿ2ಪಿ. ಇಲ್ಲಿ ಡಿವಿಆರ್ ಒಳಗಿನಿಂದಲೇ ಕಂಪನಿ ಸರ್ವರ್‌ಗೆ ಕರೆ ಮಾಡುತ್ತದೆ, ನಿಮ್ಮ ಫೋನೂ ಅಲ್ಲಿಗೇ ಹೋಗುತ್ತದೆ, ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ರೌಟರ್‌ನಲ್ಲಿ ತೂತು ಬೇಡ. ಆದರೆ ನಂಬಿಕೆಯೆಲ್ಲ ಕಂಪನಿ ಮೇಲೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸುಮಾರು 13,000 ಬಳಕೆದಾರರಿಗೆ ಬೇರೆಯವರ ಕ್ಯಾಮೆರಾದ ಚಿತ್ರಗಳು ಕಂಡವು. ಬಳಕೆದಾರರ ಪಾಸ್‌ವರ್ಡ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನನಗೆ ಇಷ್ಟವಾದದ್ದು ಮೂರನೆಯದು: ಮನೆಯಲ್ಲಿ ವೈರ್‌ಗಾರ್ಡ್ ವಿಪಿಎನ್, ಅಂದರೆ ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ನಿಮ್ಮದೇ ಗುಪ್ತ ಸುರಂಗ. ಇದಕ್ಕೂ ಒಂದು ಪೋರ್ಟ್ ಬೇಕು, ಸಾಮಾನ್ಯವಾಗಿ 51820. ಆದರೆ ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹುಡುಕುವವರಿಗೆ ಅಲ್ಲೇನೋ ಇದೆ ಅನ್ನೋದೇ ತಿಳಿಯದು. ರೌಟರ್ ತೋರಿಸುವ ಹೊರಗಿನ ಐಪಿ ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಆಗ ಇದು ನೇರವಾಗಿ ನಡೆಯದು, ವೈರ್‌ಗಾರ್ಡ್ ಮೇಲೆಯೇ ಕಟ್ಟಿದ ಟೈಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ ಹಾಕಿಕೊಳ್ಳಿ.

ಹಳೇ ಡಿವಿಆರ್ ಮಾರುವ ಮುಂಚೆ ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್‌ಗೂ ಇದೇ ಮಾತು.