ಹತ್ತು ಸಹಗುಣಕ, ಹತ್ತು ಬಿಂದು: ಆದರೂ ಇಂಟರ್‌ಪೊಲೇಶನ್ ಕೆಡುವುದೇಕೆ?

ಕೊಟ್ಟ ಬಿಂದುಗಳಲ್ಲಿ ಕೊಟ್ಟ ಬೆಲೆಗಳನ್ನೇ ಪಡೆಯುವ ಬಹುಪದೋಕ್ತಿಯನ್ನು ಹುಡುಕುವುದೇ ಇಂಟರ್‌ಪೊಲೇಶನ್. ಒಂದೇ ಚರಾಕ್ಷರವಿದ್ದಾಗ ಬಿಂದುಗಳು ಬೇರೆ ಬೇರೆಯಾಗಿದ್ದರೆ ಸಾಕು, ಬಹುಪದೋಕ್ತಿ ಸಿಕ್ಕೇ ಸಿಗುತ್ತದೆ. ಎರಡು ಚರಾಕ್ಷರ ಬಂದರೆ ಆ ಭರವಸೆಯಿಲ್ಲ. ಘಾತ 1ಕ್ಕೆ 3 ಸಹಗುಣಕ, 2ಕ್ಕೆ 6, 3ಕ್ಕೆ 10. ಅಷ್ಟೇ ಬಿಂದು ಕೊಟ್ಟರೂ ಅವು ಎಲ್ಲಿವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಘಾತವನ್ನು ಮೀರದ ಯಾವ ವಕ್ರರೇಖೆಯೂ ಎಲ್ಲ ಬಿಂದುಗಳ ಮೂಲಕ ಹಾಯಬಾರದು. ಇಷ್ಟೇ ನಿಯಮ. ಲೆಕ್ಕದಲ್ಲಿ ಇದನ್ನು ತೋರಿಸುವುದು, ಬಿಂದುವಿಗೊಂದು ಸಾಲು, ಪದಕ್ಕೊಂದು (1, x, y…) ಕಂಬಸಾಲು ಇರುವ ಮಾತೃಕೆಯ ನಿರ್ಧಾರಕ (determinant): ಅದು ಸೊನ್ನೆಯಾದರೆ ಇಂಟರ್‌ಪೊಲೇಶನ್ ಕೆಟ್ಟಿತು. ಒಂದೇ ವೃತ್ತದ ಮೇಲೆ 6 ಬಿಂದು ಇಟ್ಟರೆ ಘಾತ 2ರ ನಿರ್ಧಾರಕ ಸೊನ್ನೆ. ಒಂದನ್ನು ಕೇಂದ್ರಕ್ಕೆ ಸರಿಸಿದರೆ ಸರಿಹೋಗುತ್ತದೆ. 1, x, y ಮುಂತಾದವುಗಳ ಬದಲು ಬೇರೆ ನಿರಂತರ ಫಲನಗಳನ್ನು (functions) ಆಧಾರವಾಗಿ ಆರಿಸಿಕೊಂಡರೂ ಇಂಥ ಕೆಟ್ಟ ಜೋಡಣೆಗಳಿಂದ ತಪ್ಪಿಸಿಕೊಳ್ಳಲಾಗದು. ಸಮತಲದಲ್ಲಿ ಎರಡು ಬಿಂದುಗಳನ್ನು ಡಿಕ್ಕಿಯಾಗದಂತೆ ಅದಲುಬದಲು ಮಾಡಿದರೆ ನಿರ್ಧಾರಕದ ಚಿಹ್ನೆ ಬದಲಾಗುತ್ತದೆ, ಅಂದರೆ ದಾರಿಯಲ್ಲೆಲ್ಲೋ ಅದು ಸೊನ್ನೆಯಾಗಲೇಬೇಕು. ಮೈರ್‌ಹ್ಯೂಬರ್–ಕರ್ಟಿಸ್ ಪ್ರಮೇಯದ ತಿರುಳು ಇದೇ.

ಘಾತ 3ಕ್ಕೆ ಬಂದರೆ ವಿಷಯ ನಿಜಕ್ಕೂ ಸೊಗಸಾಗುತ್ತದೆ. (0,0)ಯಿಂದ (2,2)ರವರೆಗಿನ 3×3 ಚೌಕಜಾಲದ 9 ಬಿಂದು ತೆಗೆದುಕೊಳ್ಳಿ. ಮೂಲೆಗಳಲ್ಲಿ ಬಹುಪದೋಕ್ತಿಯ ಬೆಲೆಯನ್ನು 1ರಿಂದ, ಅಂಚಿನ ನಡುವಿನವನ್ನು −2ರಿಂದ, ನಟ್ಟನಡುವಿನದನ್ನು 4ರಿಂದ ಗುಣಿಸಿ ಕೂಡಿ. ಇದು ಎರಡೂ ದಿಕ್ಕಿನ ಎರಡನೇ ವ್ಯತ್ಯಾಸ (ವ್ಯತ್ಯಾಸದ ವ್ಯತ್ಯಾಸ). ಎರಡೂ ಚರಾಕ್ಷರಗಳ ಘಾತ 2ಕ್ಕೆ ಕಡಿಮೆಯಿಲ್ಲದ ಪದಕ್ಕೆ ಮಾತ್ರ ಇದು ಉಳಿಯುತ್ತದೆ, ಅಂಥ ಪದದ ಒಟ್ಟು ಘಾತ ಆಗಲೇ 4. ಹಾಗಾಗಿ ಘಾತ 3ರವರೆಗೆ ಮೊತ್ತ ಯಾವಾಗಲೂ ಸೊನ್ನೆ. ಎಂಟು ಬೆಲೆ ಗೊತ್ತಾದರೆ ಒಂಬತ್ತನೆಯದು ನಿಗದಿಯಾಯಿತು! ಎರಡು ಘನ (ಘಾತ 3ರ) ವಕ್ರರೇಖೆಗಳು ಸೇರುವ 9 ಬಿಂದುಗಳಲ್ಲಿ 8ರ ಮೂಲಕ ಹಾಯುವ ಘನ ವಕ್ರರೇಖೆ ಒಂಬತ್ತನೆಯದನ್ನೂ ಹಾಯುತ್ತದೆ ಎನ್ನುವ ಕೇಲಿ–ಬಕಾರಾಕ್ ಪ್ರಮೇಯವನ್ನೇ ಇಲ್ಲಿ ಅಂಕಿಗಳಲ್ಲಿ ನೋಡುತ್ತಿದ್ದೇವೆ. ಮೂರು ಲಂಬರೇಖೆಗಳ ಗುಣಲಬ್ಧ ಒಂದು ಘನ, ಮೂರು ಅಡ್ಡರೇಖೆಗಳದ್ದು ಇನ್ನೊಂದು. ಹತ್ತನೇ ಬಿಂದುವನ್ನು ಎಲ್ಲಿಟ್ಟರೂ ಇವೆರಡರ ಯಾವುದೋ ಒಂದು ಮಿಶ್ರಣ ಅಲ್ಲೂ ಸೊನ್ನೆಯಾಗುತ್ತದೆ, ಮಾತೃಕೆ ಕೆಡುತ್ತದೆ.

ಸುರಕ್ಷಿತ ಜೋಡಣೆ ಬೇಕಾದರೆ ಒಂದು ರೇಖೆಯ ಮೇಲೆ 4 ಬಿಂದು ಇಡಿ. ಆ ರೇಖೆಯನ್ನು ಬಿಟ್ಟು ಇನ್ನೊಂದರ ಮೇಲೆ 3, ಇವೆರಡನ್ನೂ ಬಿಟ್ಟು ಮೂರನೆಯದರ ಮೇಲೆ 2, ಕೊನೆಗೆ ಮೂರರಿಂದಲೂ ಹೊರಗೆ 1. ಘಾತ 3ರ ಬಹುಪದೋಕ್ತಿ ಒಂದು ರೇಖೆಯ 4 ಬಿಂದುಗಳಲ್ಲಿ ಸೊನ್ನೆಯಾದರೆ ಆ ರೇಖೆ ಅದರ ಅಪವರ್ತನ. ಭಾಗಿಸಿ, ಘಾತ ಇಳಿಸಿ, ಅದೇ ಮಾತು ಮತ್ತೆ.

ಕಂಪ್ಯೂಟರಿನಲ್ಲಿ ನಿರ್ಧಾರಕವನ್ನು ನಂಬಬೇಡಿ. ದುಂಡಾಗಿಸುವಿಕೆಯಿಂದ ಅದು ಪೂರ್ತಿ ಸೊನ್ನೆಯಾಗದೆ, ಅರ್ಥವಿಲ್ಲದ ದೊಡ್ಡ ಸಹಗುಣಕಗಳು ಬರಬಹುದು. ಮಾತೃಕೆ ಕೆಡುವುದಕ್ಕೆ ಎಷ್ಟು ಹತ್ತಿರವಿದೆ ಎಂದು ಹೇಳುವ ಅತಿ ಚಿಕ್ಕ ಸಿಂಗ್ಯುಲರ್ ಬೆಲೆ (singular value) ನೋಡಿ. ಅದೊಂದೇ ಸೊನ್ನೆಯ ಹತ್ತಿರವಿದ್ದರೆ, ಅದರ ಜೊತೆ ಬರುವ ಬಲಸದಿಶದ (ಕಂಬಸಾಲುಗಳನ್ನು ಗುಣಿಸಿ ಕೂಡಿದರೆ ಸುಮಾರು ಸೊನ್ನೆ ಕೊಡುವ ಅಂಕಿಗಳ) ಘಟಕಗಳೇ ಅಡ್ಡಬಂದ ವಕ್ರರೇಖೆಯ ಸಹಗುಣಕಗಳು. ಎಡಸದಿಶ (ಸಾಲುಗಳಿಗೆ ಅದೇ ಕೆಲಸ ಮಾಡುವ ಅಂಕಿಗಳು) ತೊಡಕು ಯಾವ ಬಿಂದುಗಳದ್ದೆಂದು ತೋರಿಸುತ್ತದೆ: ಚೌಕಜಾಲದ ಉದಾಹರಣೆಯಲ್ಲಿ 1, −2, 4ರ ಅನುಪಾತವೇ ಅಲ್ಲಿ ಕಾಣುತ್ತದೆ, ಹತ್ತನೇ ಬಿಂದುವಿನ ಜಾಗದಲ್ಲಿ ಸೊನ್ನೆ. ಆ ಹತ್ತನೇ ಬಿಂದುವನ್ನು ಬೇರೆಡೆ ಇಟ್ಟು ಪ್ರಯೋಜನವಿಲ್ಲ. ಉಳಿದ ಒಂಬತ್ತರಲ್ಲಿ ಒಂದನ್ನು ಆ ವಕ್ರರೇಖೆಯಿಂದ ಆಚೆಗೆ ಸರಿಸಿ.