ಬರಗಾಲದಲ್ಲಿ ಮಾರಿದ ಹೊಲ ಯಾರದು?

ಬೈಜಾಂಟೈನ್ ಸಾಮ್ರಾಜ್ಯದ ಪಾಠವನ್ನು ನಾನು ಅರಮನೆಯ ಪಿತೂರಿಗಳಿಂದ ಶುರು ಮಾಡುವುದಿಲ್ಲ. ಕಣ್ಣು ಕೀಳಿಸಿದ್ದು, ಮಠಕ್ಕೆ ಅಟ್ಟಿದ್ದು, ಅದನ್ನೆಲ್ಲ ವಿದ್ಯಾರ್ಥಿಗಳು ಹೇಗೂ ತಾವೇ ಓದಿಕೊಳ್ಳುತ್ತಾರೆ. ಮೊದಲು ಓದಿಸುವುದು ಒಂದು ಜಮೀನು ಕಾಯಿದೆ.

927ರ ಚಳಿಗಾಲದಲ್ಲಿ ನೆಲ 120 ದಿನ ಹೆಪ್ಪುಗಟ್ಟಿತ್ತು ಎನ್ನುತ್ತಾರೆ ವೃತ್ತಾಂತಕಾರರು. ಬೆನ್ನಿಗೇ ಬರ ಬಂತು. ಹೊಟ್ಟೆಗಿಲ್ಲದ ರೈತರು ಹೊಲಗಳನ್ನು ಬಂದಷ್ಟಕ್ಕೆ ಮಾರಿದರು. 934ರಲ್ಲಿ ಚಕ್ರವರ್ತಿ ಒಂದನೇ ರೊಮಾನೋಸ್ ಆಜ್ಞೆ ಹೊರಡಿಸಿದ: ನ್ಯಾಯವಾದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಕೊಂಡ ಬಲಾಢ್ಯರು ಪುಕ್ಕಟೆಯಾಗಿ ಹೊಲ ಬಿಟ್ಟುಕೊಡಬೇಕು.

ಬಲಾಢ್ಯ ಎಂದರೆ ಯಾರು? ಇಲ್ಲಿ ಕಾಯಿದೆ ಎಕರೆ ಲೆಕ್ಕ ಹಾಕುವುದಿಲ್ಲ. ಅಧಿಕಾರಿ, ಸೆನೆಟ್ ಸದಸ್ಯ, ಬಿಷಪ್, ಮಠಾಧಿಪತಿ ಎಲ್ಲರೂ ಪಟ್ಟಿಯಲ್ಲಿದ್ದಾರೆ. ತಾನೇ ಆಗಲಿ, ಪರಿಚಯದ ದೊಡ್ಡವರ ಮೂಲಕವಾಗಲಿ ಮಾರುವವನನ್ನು ಹೆದರಿಸಬಲ್ಲವನು, ಇಲ್ಲವೇ ಉಪಕಾರದ ಆಸೆ ತೋರಿಸಬಲ್ಲವನು ಬಲಾಢ್ಯ. ಅಧಿಕಾರವನ್ನು ಇಷ್ಟು ನಿಖರವಾಗಿ ಹಿಡಿದ ಕಾಯಿದೆಗಳು ಕಡಿಮೆ.

ಚಕ್ರವರ್ತಿಗೆ ಬಡವರ ಮೇಲೆ ಕರುಣೆ ಉಕ್ಕಿತೇ? ನನಗೆ ಹಾಗನ್ನಿಸುವುದಿಲ್ಲ. ಕಂದಾಯಕ್ಕೆ ಇಡೀ ಹಳ್ಳಿ ಹೊಣೆ. ಒಬ್ಬ ಊರು ಬಿಟ್ಟರೆ ಅವನ ಬಾಕಿ ನೆರೆಯವರ ತಲೆಗೆ. ಸೈನಿಕರನ್ನು ಸಾಕುತ್ತಿದ್ದದ್ದೂ ಜಮೀನೇ. ಏಳನೇ ಕಾನ್‌ಸ್ಟಂಟೈನನ ಕಾಯಿದೆಯ ಪ್ರಕಾರ ಅಶ್ವಾರೋಹಿಯೊಬ್ಬ 4 ಪೌಂಡ್ ಚಿನ್ನದಷ್ಟು ಬೆಲೆಯ ಜಮೀನನ್ನು ಮಾರುವಂತಿರಲಿಲ್ಲ. ಹಳ್ಳಿ ಬಲಾಢ್ಯರ ಪಾಲಾದರೆ ಬೊಕ್ಕಸವೂ ಬರಿದು, ದಂಡೂ ಬರಿದು.

ಆದರೂ ಇಂಥ ಕಾಯಿದೆಗಳನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು. ಜಾರಿ ಮಾಡಬೇಕಾದ ಅಧಿಕಾರಿಗಳೇ ಹೊಲ ಕೊಳ್ಳುತ್ತಿದ್ದರೆ ಇನ್ನೇನಾದೀತು, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಚಕ್ರವರ್ತಿ ಎರಡನೇ ಬೆಸಿಲನ 996ರ ಕಾಯಿದೆಯಲ್ಲಿ ಫಿಲೋಕಾಲೆಸ್ ಎಂಬವನ ಕಥೆ ಬರುತ್ತದೆ. ಹುಟ್ಟಿನಿಂದ ಬಡ ಹಳ್ಳಿಗ. ಅರಮನೆಯಲ್ಲಿ ಒಂದೊಂದೇ ಪದವಿ ಏರಿದ. ಏರಿದಂತೆ ತನ್ನೂರನ್ನೇ ನುಂಗಿ ಸ್ವಂತ ಎಸ್ಟೇಟ್ ಮಾಡಿಕೊಂಡ. ಆ ದಾರಿಯಲ್ಲಿ ಬಂದ ಬೆಸಿಲ್ ಅವನ ಭವ್ಯ ಕಟ್ಟಡಗಳನ್ನು ನೆಲಸಮ ಮಾಡಿಸಿ, ಜಮೀನನ್ನು ಬಡವರಿಗೆ ಮರಳಿಸಿ, ಅವನನ್ನು ಮತ್ತೆ ಬರೀ ಹಳ್ಳಿಗನನ್ನಾಗಿಸಿದ. ಹುಟ್ಟು ಸಿರಿವಂತರ ಮೇಲಿನ ಕಾಯಿದೆಗೆ ಉದಾಹರಣೆಯಾಗಿ ಸಿಕ್ಕಿದ್ದು ಇವನು! ನಲವತ್ತು ವರ್ಷ ಕಳೆದರೆ ಜಮೀನು ಕೊಂಡವನಿಗೇ ಎಂಬ ನಿಯಮವನ್ನೂ ಅದೇ ಕಾಯಿದೆ ಕಿತ್ತುಹಾಕಿತು. ದೊಡ್ಡ ಮನೆತನಗಳು ಅಷ್ಟು ವರ್ಷ ಕಾಯಬಲ್ಲವು, ಬಡವನ ಮೊಮ್ಮಗ ಕಾಯಲಾರ.

ಮುಂದೆ ಬೆಸಿಲ್ ಹಳ್ಳಿಗಳ ಬಾಕಿಯನ್ನೂ ಬಲಾಢ್ಯರ ತಲೆಗೆ ಹೊರಿಸಿದ. ಅವರು ಗೊಣಗಿದರು, ಚರ್ಚೂ ಗೊಣಗಿತು. ಅವನು ಸತ್ತದ್ದು 1025ರಲ್ಲಿ. 1028ರಲ್ಲಿ ಪಟ್ಟಕ್ಕೆ ಬಂದ ಮೂರನೇ ರೊಮಾನೋಸ್ ದೊಡ್ಡ ಮನೆತನದವನೇ. ಆ ಹೊಣೆಯನ್ನು ತಡಮಾಡದೆ ರದ್ದು ಮಾಡಿದ.