ಶಾಖವಿಲ್ಲದೆ ಬ್ಯಾಕ್ಟೀರಿಯಾ ಕೊಲ್ಲುವ ಪ್ಲಾಸ್ಮಾ

ಉಕ್ಕಿನ ಕತ್ತರಿ, ಚಿಮಟಗಳನ್ನು ಆಟೋಕ್ಲೇವಿನೊಳಗೆ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿಟ್ಟು ರೋಗಾಣುಮುಕ್ತಗೊಳಿಸುವುದು ಆಸ್ಪತ್ರೆಗಳ ಹಳೆಯ, ನಂಬಿಕಸ್ಥ ಕ್ರಮ. ಆದರೆ ಪ್ಲಾಸ್ಟಿಕ್ ಭಾಗಗಳೂ ಸೂಕ್ಷ್ಮ ಕ್ಯಾಮೆರಾಗಳೂ ಇರುವ ಹಲವು ಉಪಕರಣಗಳು ಆ ಶಾಖವನ್ನು ತಾಳಲಾರವು. ಅವುಗಳಿಗೆ ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸಬಹುದಾದರೂ, ಆ ಅನಿಲವೇ ವಿಷವಾದ್ದರಿಂದ ಉಪಕರಣದಲ್ಲಿ ಉಳಿದದ್ದು ಹೊರಹೋಗಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಶೀತ ಪ್ಲಾಸ್ಮಾ ಉಪಯೋಗಕ್ಕೆ ಬರುವುದು ಇಲ್ಲಿ.

ಅನಿಲಕ್ಕೆ ಪ್ರಬಲ ವಿದ್ಯುತ್ ಕ್ಷೇತ್ರವನ್ನು ಒಡ್ಡಿದಾಗ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು ಅದು ಪ್ಲಾಸ್ಮಾ ಆಗುತ್ತದೆ. ಹಗುರವಾದ ಎಲೆಕ್ಟ್ರಾನು ಭಾರವಾದ ಪರಮಾಣುವಿಗೆ ಡಿಕ್ಕಿ ಹೊಡೆದಾಗ ಅದಕ್ಕೆ ವರ್ಗಾಯಿಸುವ ಚಲನಶಕ್ತಿ ಅತ್ಯಲ್ಪ. ಆದ್ದರಿಂದಲೇ ಎಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಡಿಗ್ರಿ ದಾಟಿದ್ದರೂ ಒಟ್ಟು ಅನಿಲ ಬೆಚ್ಚಗೂ ಆಗದೆ ಇರಬಲ್ಲದು. ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್ 1857ರಲ್ಲೇ ಗಾಜಿನ ತಡೆಯ ನಡುವೆ ಇಂಥ ವಿದ್ಯುತ್ ವಿಸರ್ಜನೆ (ಅನಿಲದ ಮೂಲಕ ವಿದ್ಯುತ್ ಹರಿಯುವಿಕೆ) ನಡೆಸಿ ಓಝೋನ್ ತಯಾರಿಸಿದ್ದರು. ಇಂದಿನ ಪ್ರಯೋಗಾಲಯಗಳಲ್ಲಿ ಕಾಣುವ ನೇರಳೆ ಬಣ್ಣದ, ಓಝೋನಿನ ಕಟು ವಾಸನೆಯ ವಿಸರ್ಜನೆ ಅದೇ ವಂಶದ್ದು.

ಬ್ಯಾಕ್ಟೀರಿಯಾದ ಮೇಲೆ ಎರಗುವುದು ಈ ವಿಸರ್ಜನೆಯಲ್ಲಿ ಹುಟ್ಟುವ ಆಮ್ಲಜನಕದ ಒಂಟಿ ಪರಮಾಣುಗಳು, ಹೈಡ್ರಾಕ್ಸಿಲ್, ಓಝೋನ್, ನೈಟ್ರಿಕ್ ಆಕ್ಸೈಡ್ ಮತ್ತು ಅತಿನೇರಳೆ ಕಿರಣಗಳು. ಅವು ಪೊರೆಯ ಕೊಬ್ಬನ್ನು ಉತ್ಕರ್ಷಿಸಿ ತೂತು ಬೀಳಿಸುತ್ತವೆ, ಪ್ರೋಟೀನುಗಳನ್ನು ಕೆಡಿಸುತ್ತವೆ, ಡಿಎನ್‌ಎಯನ್ನು ತುಂಡರಿಸುತ್ತವೆ. ಹಲವು ಕಡೆಯಿಂದ ಒಟ್ಟಿಗೆ ಬೀಳುವ ಈ ಪೆಟ್ಟನ್ನು ತಡೆದುಕೊಳ್ಳುವುದು ಕಷ್ಟ. ಬ್ಯಾಕ್ಟೀರಿಯಾದ ಸುಪ್ತ ರೂಪವಾದ, ದಪ್ಪ ಕವಚದ ಬೀಜಕಗಳು ಮಾತ್ರ ಹೆಚ್ಚು ಹೊತ್ತು ಸೆಣಸುತ್ತವೆ.

ಆಸ್ಪತ್ರೆಗಳಲ್ಲಿ 'ಪ್ಲಾಸ್ಮಾ ಸ್ಟೆರಿಲೈಸರ್' ಎಂದು ಕರೆಸಿಕೊಳ್ಳುವ ಯಂತ್ರಕ್ಕೆ ಆ ಹೆಸರು, ನನ್ನ ಅಭಿಪ್ರಾಯದಲ್ಲಿ, ತುಸು ಉದಾರವಾಯಿತು. ಅದರ ನಿರ್ವಾತ ಕೋಣೆಯಲ್ಲಿ ಕೊಲ್ಲುವ ಕೆಲಸದ ಬಹುಪಾಲನ್ನು ಮಾಡುವುದು ಹೈಡ್ರೋಜನ್ ಪೆರಾಕ್ಸೈಡಿನ ಆವಿ. ಪ್ಲಾಸ್ಮಾದ ಮುಖ್ಯ ಸೇವೆಯೆಂದರೆ ಉಳಿದ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದು. ಹಾಗಾಗಿ ಉಪಕರಣವನ್ನು ಕೂಡಲೇ ಬಳಸಬಹುದು. ಹತ್ತಿಬಟ್ಟೆ, ಕಾಗದಗಳು ಪೆರಾಕ್ಸೈಡನ್ನು ಹೀರಿಕೊಳ್ಳುವುದರಿಂದ ಪಾಲಿಪ್ರೊಪಿಲೀನ್ ಹೊದಿಕೆಯಲ್ಲೇ ಸುತ್ತಿ ಇಡಬೇಕು.

ಪ್ಲಾಸ್ಮಾದ ಕಣಗಳು ಬಹುಬೇಗ ಪ್ರತಿಕ್ರಿಯಿಸಿ ಮುಗಿದುಹೋಗುವುದೇ ಅದರ ಗುಣ. ಅದೇ ಅದರ ಮಿತಿಯೂ ಹೌದು. ವಿಷ ಉಳಿಯದು, ಆದರೆ ಆಳಕ್ಕೂ ಇಳಿಯದು. ಒಣಗಿದ ರಕ್ತದ ಕಲೆಯ ಅಡಿಯಲ್ಲೋ ಬ್ಯಾಕ್ಟೀರಿಯಾ ಗುಂಪಾಗಿ ಕಟ್ಟಿಕೊಳ್ಳುವ ಬಯೋಫಿಲ್ಮ್ ಎಂಬ ಲೋಳೆಯ ತಳದಲ್ಲೋ ಅಡಗಿದ ಬ್ಯಾಕ್ಟೀರಿಯಾ ಬದುಕುಳಿಯಬಹುದು. ಹೀಗಾಗಿ ಉಪಕರಣವನ್ನು ಮೊದಲು ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿಯೇ ಒಳಗಿಡಬೇಕು. ತೇವ ಉಳಿದಿದ್ದರೆ ಬೇಕಾದಷ್ಟು ನಿರ್ವಾತ ಏರ್ಪಡದೆ ಯಂತ್ರವು ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ.